ಮರ್ಲಿನ್ ಮಂತ್ರವಾದಿಯೋ, ಕಾಲಜ್ಞಾನಿಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ಮರ್ಲಿನ್ ಎಂಬುವನು ನಿಜವಾಗಿಯೂ ಇದ್ದನೇ?

ಬ್ರಿಟನ್ನಿನ ಆರ್ಥರ್ ರಾಜನ ಕಥೆಗಳಲ್ಲಿ ಬರುವ ಮಾಂತ್ರಿಕ ಮರ್ಲಿನ್ ನಿಜವಾಗಿ ಇದ್ದ ಎನ್ನಲು ಆಧಾರವಿಲ್ಲ. ಅವನ ಕಾಲವೆಂದು ಹೇಳುವ 6ನೇ ಶತಮಾನದಲ್ಲೇ ಬರೆದಿಟ್ಟ ಯಾವ ದಾಖಲೆಯಲ್ಲೂ ಅವನ ಹೆಸರಿಲ್ಲ. "573ರ ಯುದ್ಧದಲ್ಲಿ ಮರ್ಲಿನ್‌ಗೆ ಹುಚ್ಚು ಹಿಡಿಯಿತು ಎಂದು ವೇಲ್ಸ್‌ನ ವರ್ಷಾವಳಿಯಲ್ಲೇ ಬರೆದಿದೆಯಲ್ಲ?" ಎಂದು ಕೇಳುವವರಿದ್ದಾರೆ. ಹೆಚ್ಚಿನವರು ಎಡವುವುದು ಇಲ್ಲೇ. ಆ ವರ್ಷಾವಳಿಯ ಹಳೆಯ ಹಸ್ತಪ್ರತಿ ಸುಮಾರು 1100ರದು. ಅದರಲ್ಲಿರುವುದು ಆರ್ವದೆರಿದ್ ಎಂಬಲ್ಲಿ ಯುದ್ಧವಾಯಿತು ಎಂಬಷ್ಟೇ ಮಾತು. ಮರ್ಲಿನ್‌ಗೆ ಹುಚ್ಚು ಹಿಡಿಯಿತೆಂಬ ವಾಕ್ಯ ಸೇರಿದ್ದು 13ನೇ ಶತಮಾನದ ಪ್ರತಿಯಲ್ಲಿ. ಅಷ್ಟು ಹೊತ್ತಿಗೆ ಮರ್ಲಿನ್ ಯುರೋಪಿನಲ್ಲೆಲ್ಲ ಹೆಸರಾಗಿದ್ದ. ಪ್ರತಿ ಮಾಡಿದವನು ತನಗೆ ಗೊತ್ತಿದ್ದ ಕಥೆಯನ್ನು ಹಳೆಯ ಸಾಲಿಗೆ ಅಂಟಿಸಿದ.

ಘಟನೆಯ ವರ್ಷ, ಪಠ್ಯ ರಚನೆಯಾದ ವರ್ಷ, ಕೈಗೆ ಸಿಕ್ಕಿರುವ ಹಸ್ತಪ್ರತಿಯ ವರ್ಷ ಈ ಮೂರನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಮರ್ಲಿನ್ ಬಗ್ಗೆ ಓಡಾಡುವ ತಪ್ಪುಗಳಲ್ಲಿ ಅರ್ಧಕ್ಕರ್ಧ ಅಷ್ಟರಲ್ಲೇ ಉದುರುತ್ತವೆ.

ಹಾಗಾದರೆ ಅವನನ್ನು ಹುಟ್ಟುಹಾಕಿದ್ದು ಯಾರು?

ನಾವು ಇವತ್ತು ಗುರುತಿಸುವ ಮರ್ಲಿನ್‌ನನ್ನು ಹೊಲಿದವನು ಮಾನ್ಮತ್‌ನ ಜೆಫ್ರಿ. ಆಕ್ಸ್‌ಫರ್ಡ್‌ನಲ್ಲಿದ್ದ ಪಾದ್ರಿ, ಲ್ಯಾಟಿನ್ ಬರಹಗಾರ, 1152ರಲ್ಲಿ ಬಿಷಪ್ ಆದವನು. 'ಹೊಲಿದವನು' ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ, ಏಕೆಂದರೆ ಬಟ್ಟೆ ಅವನದಲ್ಲ. ಅವನ ಕೈಗೆ ಎರಡು ತುಂಡುಗಳು ಸಿಕ್ಕಿದ್ದವು.

ಮೊದಲನೆಯದು ಅಪ್ಪನಿಲ್ಲದ ಹುಡುಗನ ಕಥೆ. ಇದು ಸುಮಾರು 829-30ರ 'ಬ್ರಿಟನ್ನರ ಚರಿತ್ರೆ' ಎಂಬ ಲ್ಯಾಟಿನ್ ಸಂಗ್ರಹದಲ್ಲಿದೆ. ವೋರ್ಟಿಗರ್ನ್ ಎಂಬ ಅರಸ ಕೋಟೆ ಕಟ್ಟಿಸಲು ಹೊರಟರೆ, ತಂದಿಟ್ಟ ಕಲ್ಲು ಮರ ಎಲ್ಲ ರಾತ್ರೋರಾತ್ರಿ ಮಾಯ. ಅಪ್ಪನಿಲ್ಲದ ಹುಡುಗನ ರಕ್ತ ಚೆಲ್ಲಿದರೆ ಕೋಟೆ ನಿಲ್ಲುತ್ತದೆಂದು ಆಸ್ಥಾನದ ಮಾಂತ್ರಿಕರು ಹೇಳುತ್ತಾರೆ. (ಕೆರೆಗೆ ಹಾರ ಕೇಳಿ ಬೆಳೆದವರಿಗೆ ಈ ಬಲಿಯ ಲೆಕ್ಕಾಚಾರ ಬಿಡಿಸಿ ಹೇಳಬೇಕಿಲ್ಲ.) ದೂತರು ಹುಡುಕುತ್ತ ಹೋದಾಗ ಹುಡುಗರು ಚೆಂಡಾಟದಲ್ಲಿ ಜಗಳವಾಡುತ್ತಿರುತ್ತಾರೆ. "ಅಪ್ಪನಿಲ್ಲದವನೇ, ನಿನಗೆ ಒಳ್ಳೆಯದಾಗದು" ಎಂದು ಒಬ್ಬ ಇನ್ನೊಬ್ಬನಿಗೆ ಬಯ್ಯುತ್ತಾನೆ. ಬೈಸಿಕೊಂಡವನನ್ನು ಹಿಡಿದು ತರುತ್ತಾರೆ. ಅವನು ಮಾಂತ್ರಿಕರನ್ನೇ ತಿರುಗಿ ಕೇಳುತ್ತಾನೆ: ನೆಲದಡಿ ಏನಿದೆ, ಹೇಳಿ? ಅವರಿಗೆ ಗೊತ್ತಿಲ್ಲ. ಅಗೆದರೆ ಕೊಳ, ಕೊಳದಲ್ಲಿ ಪಾತ್ರೆಗಳು, ಅವುಗಳ ನಡುವೆ ಮಡಚಿಟ್ಟ ಬಟ್ಟೆ, ಬಟ್ಟೆಯೊಳಗೆ ಮಲಗಿದ ಎರಡು ಹಾವುಹುಳುಗಳು, ಒಂದು ಕೆಂಪು, ಒಂದು ಬಿಳಿ. ಕೆಂಪು ಬ್ರಿಟನ್ನರದು, ಬಿಳಿ ಕಡಲಾಚೆಯಿಂದ ಬಂದ ಸ್ಯಾಕ್ಸನ್ನರದು. ಈ ಹುಡುಗನ ಹೆಸರು ಅಂಬ್ರೋಸಿಯಸ್, ಮರ್ಲಿನ್ ಅಲ್ಲ. ಕಥೆಯ ಕೊನೆಯಲ್ಲಿ ಅವನು ತನ್ನ ಅಪ್ಪ ರೋಮನ್ ಕಾನ್ಸಲ್ ಎಂದೂ ಹೇಳಿಬಿಡುತ್ತಾನೆ! ಅಪ್ಪನಿಲ್ಲದವನಿಗೆ ಅಪ್ಪ ಸಿಕ್ಕಿದ್ದು ಹೇಗೆ ಎಂಬುದು ಆ ಸಂಗ್ರಹಕಾರನಿಗೆ ತೊಡಕೆನಿಸಲಿಲ್ಲ.

ಎರಡನೆಯದು ವೇಲ್ಸ್ ಭಾಷೆಯ ಕಾಡುಮನುಷ್ಯ ಮರ್ದಿನ್. ಅವನಿಗೆ ಮುಂದಿನ ಪ್ರಶ್ನೆಯನ್ನೇ ಮೀಸಲಿಟ್ಟಿದ್ದೇವೆ.

ಕಾಡುಮನುಷ್ಯ ಮರ್ದಿನ್ ಯಾರು?

ಆರ್ವದೆರಿದ್ ಯುದ್ಧಭೂಮಿಯನ್ನು ಸಾಮಾನ್ಯವಾಗಿ ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯ ಲಾಂಗ್‌ಟೌನ್ ಬಳಿಯ ಆರ್ಥುರೆಟ್ ಎಂದು ಗುರುತಿಸುತ್ತಾರೆ. ಅಲ್ಲಿ ಮರ್ದಿನ್‌ನ ಒಡೆಯ ಗ್ವೆಂದೊಲೈ ಸಾಯುತ್ತಾನೆ. ಮರ್ದಿನ್ ಬುದ್ಧಿ ಕೆಟ್ಟು ಕಾಡು ಸೇರುತ್ತಾನೆ, ಅಲ್ಲಿ ಅವನಿಗೆ ಮುಂದಿನದು ಕಾಣತೊಡಗುತ್ತದೆ. ವೇಲ್ಸ್‌ನ ಅಬೆರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ, ಸುಮಾರು 1250ರ 'ಕಾರ್ಮಾರ್ಥೆನ್‌ನ ಕಪ್ಪು ಪುಸ್ತಕ'ದಲ್ಲಿ ಅವನ ಬಾಯಲ್ಲಿಟ್ಟ ಪದ್ಯಗಳಿವೆ. ಒಂದರಲ್ಲಿ ಸೇಬಿನ ಮರದೊಂದಿಗೆ ಮಾತಾಡುತ್ತಾನೆ, ಇನ್ನೊಂದರಲ್ಲಿ ಹಂದಿಮರಿಯೊಂದಿಗೆ. ಹಿಮದಲ್ಲಿ ನಡುಗುತ್ತ, ಅರಸ ರಿದೆರ್ಹ್‌ನ ಆಳುಗಳಿಗೆ ಹೆದರುತ್ತ, ನಡುನಡುವೆ ಮುಂದಾಗುವ ಯುದ್ಧಗಳನ್ನು ಹೇಳುತ್ತ ಹೋಗುತ್ತಾನೆ. ಇಲ್ಲಿ ಆರ್ಥರ್ ಇಲ್ಲ, ಮಂತ್ರದಂಡವಿಲ್ಲ, ಆಸ್ಥಾನವಿಲ್ಲ. ಇರುವುದು ಚಳಿ, ಹಸಿವು, ಪಶ್ಚಾತ್ತಾಪ.

ಇದೇ ಅಚ್ಚಿನ ಅಣ್ಣತಮ್ಮಂದಿರು ಅಕ್ಕಪಕ್ಕದಲ್ಲೂ ಇದ್ದಾರೆ. ಸ್ಕಾಟ್ಲೆಂಡ್‌ನಲ್ಲಿ ಗ್ಲ್ಯಾಸ್ಗೋದ ಸಂತ ಕೆಂಟಿಗರ್ನ್‌ನ ಕಥೆಯಲ್ಲಿ ಬರುವ ಲೈಲೋಕೆನ್. ಐರ್ಲೆಂಡ್‌ನಲ್ಲಿ 637ರ ಮಾಗ್ ರಾಥ್ ಯುದ್ಧದಲ್ಲಿ ಹುಚ್ಚನಾಗಿ ಮರದಿಂದ ಮರಕ್ಕೆ ಹಾರುವ ಸುವ್ನೆ. ಯಾರ ಕಥೆ ಯಾರಿಗೆ ಹೋಯಿತು ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

ಮರ್ದಿನ್ 'ಮರ್ಲಿನ್' ಆದದ್ದು ಹೇಗೆ?

ಕಾರ್ಮಾರ್ಥೆನ್ ಪಟ್ಟಣದ ರೋಮನ್ ಕಾಲದ ಹೆಸರು ಮೊರಿದೂನುಮ್, ಅಂದರೆ ಕಡಲ ಕೋಟೆ. ಅದು ಸವೆದು ಮರ್ದಿನ್ ಆಯಿತು. ಅದರಲ್ಲೇ ಕೋಟೆ ಇರುವುದು ಮರೆತುಹೋಗಿ, ಜನ ಮುಂದೆ ಇನ್ನೊಂದು 'ಕೋಟೆ' ಸೇರಿಸಿ ಕೈರ್‌ವರ್ದಿನ್ ಎಂದರು. ನಾವು 'ನಡುಮಧ್ಯೆ' ಎನ್ನುವುದಿಲ್ಲವೇ, ಹಾಗೆ. ಆಮೇಲೆ ಆ ಹೆಸರನ್ನು 'ಮರ್ದಿನ್ ಎಂಬುವನ ಕೋಟೆ' ಎಂದು ಅರ್ಥಮಾಡಿಕೊಂಡರು. ಹೀಗೆ ಊರಿನ ಹೆಸರಿನಿಂದಲೇ ಮನುಷ್ಯ ಹುಟ್ಟಿದ ಎಂಬುದು ಹೆಚ್ಚು ಜನ ಒಪ್ಪುವ ವಿವರಣೆ.

ಲ್ಯಾಟಿನ್‌ಗೆ ತರುವಾಗ ನೇರವಾಗಿ 'ಮೆರ್ದಿನುಸ್' ಆಗಬೇಕಿತ್ತು. ಜೆಫ್ರಿ 'ಮೆರ್ಲಿನುಸ್' ಎಂದ. ಅವನ ಓದುಗರು ಫ್ರೆಂಚ್ ಆಡುವ ನಾರ್ಮನ್ ದೊರೆಗಳು. ಫ್ರೆಂಚ್‌ನಲ್ಲಿ 'ಮೆರ್ದ್' ಎಂದರೆ ಹೇಲು, ಅದಕ್ಕೇ ಅಕ್ಷರ ಬದಲಿಸಿದ ಎಂಬ ಊಹೆ 19ನೇ ಶತಮಾನದ ಫ್ರೆಂಚ್ ವಿದ್ವಾಂಸ ಗಾಸ್ತೋಂ ಪಾರಿಯದು. ಊಹೆಯೇ, ಆದರೆ ಚೆನ್ನಾಗಿದೆ.

ಜೆಫ್ರಿಯ ಮರ್ಲಿನ್ ಮಾಡುವ ಮಾಟ ಯಾವುದು?

ಬಹುತೇಕ ಯಾವುದೂ ಇಲ್ಲ! ಸಿನಿಮಾ ನೋಡಿ ಬಂದವರಿಗೆ ಇದು ನುಂಗಲಾರದ ತುತ್ತು. ಸುಮಾರು 1136-38ರ 'ಬ್ರಿಟನ್ನಿನ ರಾಜರ ಚರಿತ್ರೆ'ಯಲ್ಲಿ ಅವನ ದೊಡ್ಡ ಕೆಲಸ ಮೂರು.

ಒಂದು, ವೋರ್ಟಿಗರ್ನ್‌ನ ಬುರುಜು. ಹಳೆಯ ಕಥೆಯ ಅಂಬ್ರೋಸಿಯಸ್‌ನ ಜಾಗಕ್ಕೆ ಜೆಫ್ರಿ ಮರ್ಲಿನ್‌ನನ್ನು ತಂದ, ಹುಳುಗಳನ್ನು ಡ್ರ್ಯಾಗನ್ ಮಾಡಿದ. ಹಳೆಯ ಹೆಸರನ್ನೂ ಬಿಡಲಿಲ್ಲ: "ಅಂಬ್ರೋಸಿಯಸ್ ಎಂದೂ ಕರೆಯುವ ಮರ್ಲಿನ್" ಎಂದು ಬರೆದು ಜಾರಿಕೊಂಡ. ಅಪ್ಪನ ತೊಡಕನ್ನೂ ಬಿಡಿಸಿದ: ತಾಯಿ ಅರಸನ ಮಗಳು, ಸನ್ಯಾಸಿನಿ, ಅಪ್ಪ ರಾತ್ರಿ ಬಂದು ಕಾಣದೆ ಹೋಗುವ ಭೂತ. ಇಲ್ಲಿ ಮರ್ಲಿನ್ ಮಂತ್ರ ಹಾಕುವುದಿಲ್ಲ, ನೆಲದಡಿ ಇರುವುದನ್ನು ತಿಳಿದು ಹೇಳುತ್ತಾನೆ.

ಎರಡು, ಇಂಗ್ಲೆಂಡ್‌ನ ಪ್ರಾಚೀನ ಕಲ್ಲುವರ್ತುಲ ಸ್ಟೋನ್‌ಹೆಂಜ್. ಸ್ಯಾಕ್ಸನ್ನರ ಮೋಸಕ್ಕೆ ಬಲಿಯಾದ ಸರದಾರರಿಗೆ ಸ್ಮಾರಕ ಬೇಕು ಎಂದಾಗ, ಐರ್ಲೆಂಡ್‌ನ ಕಿಲ್ಲರಾವುಸ್ ಬೆಟ್ಟದ 'ದೈತ್ಯರ ಕುಣಿತ' ಎಂಬ ಕಲ್ಲುಗಳನ್ನು ತನ್ನಿ ಎನ್ನುತ್ತಾನೆ. 15,000 ಜನ ಹೋಗಿ ಹಗ್ಗ ಏಣಿ ಹಾಕಿ ಎಳೆದರೂ ಕಲ್ಲು ಜಗ್ಗುವುದಿಲ್ಲ. ಮರ್ಲಿನ್ ನಕ್ಕು, ತನ್ನದೇ ಸಲಕರಣೆ ಜೋಡಿಸಿ ಸಲೀಸಾಗಿ ಇಳಿಸುತ್ತಾನೆ. ಜೆಫ್ರಿ ಬಳಸುವ ಪದ ಯಂತ್ರೋಪಾಯಕ್ಕೆ ಸಲ್ಲುವುದು, ಮಂತ್ರಕ್ಕಲ್ಲ. ಈ ಮರ್ಲಿನ್ ಎಂಜಿನಿಯರ್.

ಮೂರು, ಟಿಂಟ್ಯಾಜೆಲ್ ಕೋಟೆ. ಅದರ ಒಡೆಯ ಗೊರ್ಲೊಯಿಸ್‌ನ ಹೆಂಡತಿ ಇಗರ್ನಳ ಮೇಲೆ ಕಣ್ಣು ಹಾಕಿದ ಅರಸ ಯೂಥರ್‌ಗೆ ಗೊರ್ಲೊಯಿಸ್‌ನ ರೂಪ ಕೊಡಿಸುತ್ತಾನೆ. ಆ ರಾತ್ರಿಯ ಫಲವೇ ಆರ್ಥರ್. ಇಂದ್ರ-ಅಹಲ್ಯೆಯ ಕಥೆ ಗೊತ್ತಿರುವವರಿಗೆ ಇಲ್ಲಿ ಶಾಪ ಕೊಡುವವರು ಯಾರೂ ಇಲ್ಲ ಎಂಬುದೇ ಎದ್ದು ಕಾಣುತ್ತದೆ. ಇಲ್ಲೂ ಮರ್ಲಿನ್ ಹೇಳುವುದು "ನನ್ನ ಔಷಧಗಳಿಂದ" ಎಂದು.

ಇದಾದ ಮೇಲೆ ಅವನು ಕಥೆಯಿಂದ ಹೊರಟೇಹೋಗುತ್ತಾನೆ. ಜೆಫ್ರಿಯ ಚರಿತ್ರೆಯಲ್ಲಿ ಮರ್ಲಿನ್ ಮತ್ತು ಆರ್ಥರ್ ಮುಖಾಮುಖಿ ಆಗುವುದೇ ಇಲ್ಲ.

ಅವನ ಭವಿಷ್ಯವಾಣಿಯನ್ನು ಆ ಕಾಲದ ದೊಡ್ಡವರು ನಂಬಿದ್ದೇಕೆ?

ಈ ಇಡೀ ವಿಷಯದ ತಿರುಳು ಇಲ್ಲಿದೆ. ಮಧ್ಯಯುಗದವರಿಗೆ ಮರ್ಲಿನ್ ಮೊದಲು ಕಾಲಜ್ಞಾನಿ, ಮಾಂತ್ರಿಕ ಪಟ್ಟ ಆಮೇಲಿನದು. ಕೊಡೇಕಲ್ ಬಸವಣ್ಣನವರ ಕಾಲಜ್ಞಾನ ವಚನಗಳನ್ನು ಕೇಳಿದವರಿಗೆ ಈ ಬಗೆಯ ಬರವಣಿಗೆಯ ಒಗಟುಮಾತು ಹೊಸದೆನಿಸದು. ಜೆಫ್ರಿ ಭವಿಷ್ಯವಾಣಿಗಳನ್ನು ಲಿಂಕನ್‌ನ ಬಿಷಪ್ ಅಲೆಕ್ಸಾಂಡರ್‌ನ ಕೋರಿಕೆಯಂತೆ ಮೊದಲು ಬೇರೆಯಾಗಿ ಹೊರಬಿಟ್ಟು, ಆಮೇಲೆ ಚರಿತ್ರೆಯ ನಡುವೆ ಸೇರಿಸಿದ.

ಅದರ ಕಸುಬು ಹೀಗೆ. ಮನುಷ್ಯರ ಹೆಸರು ಹೇಳುವುದಿಲ್ಲ, ಪ್ರಾಣಿಯ ಹೆಸರು ಹೇಳುತ್ತಾರೆ: ಕಾರ್ನ್‌ವಾಲ್‌ನ ಹಂದಿ ಎಂದರೆ ಆರ್ಥರ್, ನ್ಯಾಯದ ಸಿಂಹ ಎಂದರೆ ಇಂಗ್ಲೆಂಡ್‌ನ ಅರಸ 1ನೇ ಹೆನ್ರಿ. ಒಂದು ಸಾಲು ಹೀಗಿದೆ: ಸಿಂಹದ ಮರಿಗಳು ಕಡಲ ಮೀನುಗಳಾಗುವವು. 1120ರ ನವೆಂಬರ್ 25ರಂದು 'ಬಿಳಿ ಹಡಗು' ಮುಳುಗಿ ಹೆನ್ರಿಯ ಮಗ ವಿಲಿಯಂ ನೀರುಪಾಲಾದ. ಭವಿಷ್ಯವಾಣಿ ಹೊರಬಿದ್ದದ್ದು 1130ರ ದಶಕದಲ್ಲಿ. ಆಗಿಹೋದದ್ದನ್ನು 'ಆಗುತ್ತದೆ' ಎಂದು ಬರೆದರೆ ತಪ್ಪುವುದೇ ಇಲ್ಲ. ಅದನ್ನು ಕಂಡ ಓದುಗ ಮುಂದಿನದನ್ನೂ ನಂಬುತ್ತಾನೆ. ಇಂಥ ಪಠ್ಯದ ಕಾಲ ಕಂಡುಹಿಡಿಯುವ ಉಪಾಯವೂ ಇದೇ: ಮಾತು ಎಲ್ಲಿಯವರೆಗೆ ಕರಾರುವಾಕ್ಕಾಗಿದೆ, ಎಲ್ಲಿಂದ ಮಂಜು ಕವಿಯುತ್ತದೆ ಎಂದು ನೋಡಿ. ಬರೆದವನು ಕೂತಿದ್ದು ಆ ಅಂಚಿನಲ್ಲಿ.

ಮಂಜಿನ ಭಾಗಕ್ಕೆ ಬೆಲೆ ಹೆಚ್ಚು, ಯಾರು ಬೇಕಾದರೂ ತಮಗೆ ಬೇಕಾದದ್ದನ್ನು ಓದಿಕೊಳ್ಳಬಹುದು. ಬಿಳಿತೋಪಿನ ಕಡೆಯಿಂದ ಹುಡುಗಿಯೊಬ್ಬಳು ಬಂದು ಗುಣಪಡಿಸುವಳು ಎಂಬ ಸಾಲನ್ನು ಸುಮಾರು 300 ವರ್ಷಗಳ ಬಳಿಕ ಜೋನ್ ಆಫ್ ಆರ್ಕ್‌ಗೆ ಹೊಂದಿಸಿದರು. 1431ರ ವಿಚಾರಣೆಯಲ್ಲಿ ಆಕೆಯ ಊರಿನ ಬಳಿಯ ಕಾಡಿನ ಬಗ್ಗೆ ಪ್ರಶ್ನೆ ಎದ್ದದ್ದು ಈ ಕಾರಣಕ್ಕೆ.

ಎಲ್ಲರೂ ನಂಬಿದರೆಂದಲ್ಲ. ಚರಿತ್ರೆಕಾರ ನ್ಯೂಬರೋದ ವಿಲಿಯಂ 1190ರ ದಶಕದಲ್ಲೇ ಜೆಫ್ರಿ ಸುಳ್ಳು ಹೆಣೆದಿದ್ದಾನೆಂದು ಕಟುವಾಗಿ ಬರೆದ.

ಒಬ್ಬನೇ ಮರ್ಲಿನ್ನೋ, ಇಬ್ಬರೋ?

ಜೆಫ್ರಿಯೇ ಸಿಕ್ಕಿಹಾಕಿಕೊಂಡ ಪ್ರಶ್ನೆ ಇದು. ಸುಮಾರು 1150ರಲ್ಲಿ ಅವನು 1,529 ಸಾಲುಗಳ 'ಮರ್ಲಿನ್‌ನ ಜೀವನ' ಎಂಬ ಲ್ಯಾಟಿನ್ ಕಾವ್ಯ ಬರೆದ. ಅದರಲ್ಲಿ ಕಾಡುಮನುಷ್ಯನ ಕಥೆಯೇ ಮುಖ್ಯ. ವೋರ್ಟಿಗರ್ನ್ 5ನೇ ಶತಮಾನದವನು, ಆರ್ವದೆರಿದ್ 573ರದು. ಒಬ್ಬನೇ ಎರಡೂ ಕಡೆ ಇರಬೇಕಾದರೆ ನೂರು ವರ್ಷ ದಾಟಿರಬೇಕು. ಜೆಫ್ರಿ ಅವನಿಗೆ ದೀರ್ಘಾಯುಷ್ಯ ಕೊಟ್ಟು ಸುಮ್ಮನಾದ. ಪಾದ್ರಿ, ಬರಹಗಾರ ವೇಲ್ಸ್‌ನ ಜೆರಾಲ್ಡ್ ಸುಮ್ಮನಾಗದೆ 1190ರ ದಶಕದ ಆರಂಭದಲ್ಲಿ, ಮರ್ಲಿನ್ ಅಂಬ್ರೋಸಿಯಸ್ ಬೇರೆ, ಕಾಡಿನ ಮರ್ಲಿನ್ ಬೇರೆ ಎಂದು ಇಬ್ಬರನ್ನು ಮಾಡಿದ.

'ಮರ್ಲಿನ್‌ನ ಜೀವನ'ದ ಒಂದು ದೃಶ್ಯ ಬಿಡಲಾಗದು. ಬಿಟ್ಟುಬಂದ ಹೆಂಡತಿಗೆ ಮರುಮದುವೆಯ ದಿನ ಮರ್ಲಿನ್ ಸಾರಂಗದ ಮೇಲೆ ಕೂತು, ಜಿಂಕೆ-ಮೇಕೆಗಳ ಹಿಂಡನ್ನು ಉಡುಗೊರೆಯಾಗಿ ಹೊಡೆದುಕೊಂಡು ಬರುತ್ತಾನೆ. ಮದುವೆಗಂಡು ಕಿಟಕಿಯಿಂದ ನೋಡಿ ನಗುತ್ತಾನೆ. ಮರ್ಲಿನ್ ಸಾರಂಗದ ಕೊಂಬನ್ನೇ ಕಿತ್ತು ಎಸೆಯುತ್ತಾನೆ; ಗಂಡಿನ ತಲೆ ಒಡೆಯುತ್ತದೆ. ಮುಂದೆ ಅವನ ತಂಗಿ ಗನಿಯೆಡ ಕಾಡಿನಲ್ಲಿ 70 ಬಾಗಿಲು, 70 ಕಿಟಕಿಗಳ ಮನೆ ಕಟ್ಟಿಸಿ, ಅವನ ನುಡಿ ಬರೆದುಕೊಳ್ಳಲು 70 ಬರೆಕಾರರನ್ನು ಕೂರಿಸುತ್ತಾಳೆ. ನಕ್ಷತ್ರ ನೋಡಲು ಮನೆ, ನುಡಿ ಉಳಿಸಲು ಗುಮಾಸ್ತರು: ಮಂತ್ರದ ಕೋಲಿಗೆ ಇಲ್ಲೂ ಕೆಲಸವಿಲ್ಲ.

ಮರ್ಲಿನ್ ಯಾಕೆ ಸುಮ್ಮಸುಮ್ಮನೆ ನಗುತ್ತಾನೆ?

ಸುಮ್ಮನೆ ಅಲ್ಲ. ಬೇರೆಯವರಿಗೆ ಕಾಣದ್ದು ಅವನಿಗೆ ಕಂಡಾಗ ನಗುತ್ತಾನೆ. ಭಿಕ್ಷುಕ ಕೂತ ಜಾಗದ ಕೆಳಗೇ ಹೊನ್ನು ಹೂತಿದೆ. ಜೋಡು ಕೊಂಡು ಸವೆದೀತೆಂದು ತೇಪೆಗೂ ತೊಗಲು ಕೊಳ್ಳುವವನು ಆ ಜೋಡು ಹಾಕುವ ಮೊದಲೇ ಸಾಯುತ್ತಾನೆ. ಯಹೂದಿಗಳ ತಾಲ್ಮುದ್‌ನಲ್ಲಿ ಅಶ್ಮೆದಾಯ್ ಎಂಬ ಭೂತವೂ ಇಂಥವೇ ಕಾರಣಗಳಿಗೆ ನಗುತ್ತದೆ.

ಭಾರತಕ್ಕೂ ಇಲ್ಲೊಂದು ಎಳೆಯಿದೆ. 13ನೇ ಶತಮಾನದ ಫ್ರೆಂಚ್ ಗದ್ಯದಲ್ಲಿ, ಗಂಡುವೇಷದ ಹುಡುಗಿ ಗ್ರಿಸಾಂದೋಲ್ ಕಾಡುಮನುಷ್ಯನ ರೂಪದ ಮರ್ಲಿನ್‌ನನ್ನು ಹಿಡಿದು ತರುತ್ತಾಳೆ. ಅವನು ನಕ್ಕು, ರಾಣಿಯ 12 ಸಖಿಯರೂ ಹೆಣ್ಣುಡುಗೆಯ ಗಂಡಸರೆಂದು ಬಯಲು ಮಾಡುತ್ತಾನೆ. 11ನೇ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಸತ್ತ ಮೀನು ನಗುತ್ತದೆ. ಅಂತಃಪುರದಲ್ಲಿ ಹೆಣ್ಣುವೇಷದ ಗಂಡಸರಿರುವುದೇ ಕಾರಣವೆಂದು ವರರುಚಿ ತಿಳಿದುಕೊಳ್ಳುತ್ತಾನೆ. ಹೋಲಿಕೆಯನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಆದರೆ ಕಥೆ ಯಾವ ದಾರಿಯಲ್ಲಿ ಹೋಯಿತೆಂದು ನಕ್ಷೆ ಬರೆದು ತೋರಿಸುವವರನ್ನು ಅಷ್ಟು ಬೇಗ ನಂಬಬೇಡಿ.

ಅವನನ್ನು ದೆವ್ವದ ಮಗ ಮಾಡಿದವರು ಯಾರು? ಕಲ್ಲಿನಲ್ಲಿ ನೆಟ್ಟ ಕತ್ತಿ ಎಲ್ಲಿಂದ ಬಂತು?

ಎರಡಕ್ಕೂ ಉತ್ತರ ರೋಬೇರ್ ದ ಬೊರೋಂ, ಸುಮಾರು 1200. ಅವನ ಫ್ರೆಂಚ್ ಪದ್ಯಕಾವ್ಯದಲ್ಲಿ ಉಳಿದಿರುವುದು 504 ಸಾಲು, ಅದೂ ಒಂದೇ ಹಸ್ತಪ್ರತಿಯಲ್ಲಿ. ಪೂರ್ತಿ ಕಥೆ ಗದ್ಯರೂಪದಲ್ಲಿ ಸಿಗುತ್ತದೆ. ಕ್ರಿಸ್ತನಿಂದ ಸೋತ ನರಕದವರು ತಮ್ಮದೇ ಒಬ್ಬ ಪ್ರತಿನಿಧಿಯನ್ನು ಭೂಮಿಗೆ ಕಳಿಸಲು ಸಭೆ ಸೇರುತ್ತಾರೆ. ಆದರೆ ತಾಯಿ ನಿರಪರಾಧಿ, ಬ್ಲೇಸ್ ಎಂಬ ಗುರುವಿನ ಮಾತು ಕೇಳಿದವಳು, ಮಗುವಿಗೆ ದೀಕ್ಷಾಸ್ನಾನವಾಗುತ್ತದೆ. ಲೆಕ್ಕ ತಲೆಕೆಳಗು. ದೆವ್ವದ ಕಡೆಯಿಂದ ಅವನಿಗೆ ಆಗಿಹೋದದ್ದರ ಜ್ಞಾನ, ದೇವರ ಕಡೆಯಿಂದ ಬರಲಿರುವುದರ ಜ್ಞಾನ. ಮೈತುಂಬ ರೋಮವಿರುವ ಈ ಕೂಸು, ತಾಯಿಯನ್ನು ಸುಡಲು ಹೊರಟ ನ್ಯಾಯಾಧೀಶನಿಗೆ "ನನ್ನ ಅಪ್ಪ ಯಾರೆಂದು ನನಗೆ ಗೊತ್ತು, ನಿನ್ನ ಅಪ್ಪ ಯಾರೆಂದು ನಿನಗೆ ಗೊತ್ತಿಲ್ಲ" ಎಂಬರ್ಥದ ಮಾತಾಡಿ, ನ್ಯಾಯಾಧೀಶನ ತಾಯಿಯಿಂದಲೇ ನಿಜ ಹೊರಡಿಸುತ್ತದೆ. ನ್ಯಾಯಾಧೀಶನ ಅಪ್ಪ ಒಬ್ಬ ಪಾದ್ರಿ!

ಕಿತ್ತವನೇ ಅರಸ ಎಂಬ ಆ ಕತ್ತಿಯ ಬಗ್ಗೆ ಒಂದು ವಿವರ: ಮೂಲದಲ್ಲಿ ಅದು ನೆಟ್ಟಿರುವುದು ಬಂಡೆಯ ಮೇಲಿಟ್ಟ, ಕಮ್ಮಾರ ಲೋಹ ಬಡಿಯುವ ಕಬ್ಬಿಣದ ಅಡಿಗಲ್ಲಿನಲ್ಲಿ. ಚಿತ್ರಕಾರರು ಅಡಿಗಲ್ಲು ಬಿಟ್ಟು ಬಂಡೆಯನ್ನಷ್ಟೇ ಉಳಿಸಿಕೊಂಡರು. ಆರ್ಥರ್‌ನ ವೀರರು ಕೂರುವ ದುಂಡು ಮೇಜನ್ನು ಮೊದಲು ಹೇಳಿದವನು 1155ರಲ್ಲಿ ಜೆಫ್ರಿಯ ಚರಿತ್ರೆಯನ್ನು ಫ್ರೆಂಚ್ ಪದ್ಯಕ್ಕೆ ತಂದ ವಾಸ್. ಅದನ್ನು ಮರ್ಲಿನ್‌ನ ಸಲಹೆಯೆಂದು ಮಾಡಿದವನು ರೋಬೇರ್.

ವಿವಿಯನ್ ಅವನನ್ನು ಕೊಂದಳೇ, ಬಂಧಿಸಿದಳೇ?

ವಿವಿಯನ್ ಎಂದರೆ ಮರ್ಲಿನ್ ಮನಸೋತು ತನ್ನ ವಿದ್ಯೆ ಕಲಿಸಿದ ಹೆಣ್ಣು. ಉತ್ತರ ನೀವು ಯಾವ ಪುಸ್ತಕ ಹಿಡಿದಿದ್ದೀರಿ ಎಂಬುದರ ಮೇಲಿದೆ. ಹೆಸರೂ ನಿಲ್ಲುವುದಿಲ್ಲ: ನಿನಿಯಾನ್, ವಿವಿಯನ್, ನಿವಿಯೆನ್, ನಿಮ್ವೆ. ಆ ಕಾಲದ ಕೈಬರಹದಲ್ಲಿ n, u, v, m, i ಅಕ್ಷರಗಳೆಲ್ಲ ಒಂದೇ ಥರದ ಉದ್ದಗೆರೆಗಳು. ಪ್ರತಿ ಮಾಡುವವರು ಗೆರೆ ಎಣಿಸುವಾಗ ತಪ್ಪಿದರೆ ಹೆಸರೇ ಬದಲು.

ಜೆಫ್ರಿಯಲ್ಲಿ ಅವಳಿಲ್ಲ. ಸುಮಾರು 1215-35ರ ದೊಡ್ಡ ಫ್ರೆಂಚ್ ಗದ್ಯಮಾಲೆಯ 'ಲಾನ್ಸ್‌ಲಾಟ್' ಭಾಗದಲ್ಲಿ ಅವಳು ಅವನನ್ನು ಗುಹೆಯಲ್ಲಿ ಮುಚ್ಚಿಬಿಡುತ್ತಾಳೆ. ಅದೇ ಮಾಲೆಯ 'ಮರ್ಲಿನ್' ಮುಂದುವರಿಕೆಯಲ್ಲಿ ದನಿಯೇ ಬೇರೆ. ಬ್ರೊಸೆಲಿಯಾಂಡ್ ಕಾಡಿನಲ್ಲಿ ಹೂಬಿಟ್ಟ ಮುಳ್ಳುಪೊದೆಯಡಿ ಅವನು ಅವಳ ಮಡಿಲಲ್ಲಿ ತಲೆಯಿಟ್ಟು ಮಲಗುತ್ತಾನೆ. ಅವಳು ತಲೆವಸ್ತ್ರದಿಂದ ಸುತ್ತ ವರ್ತುಲ ಎಳೆದು, ಅವನೇ ಕಲಿಸಿದ ವಿದ್ಯೆಯನ್ನು ಒಂಬತ್ತು ಸಲ ಹೇಳುತ್ತಾಳೆ. ಎದ್ದಾಗ ಅವನು ಹೊರಬರಲಾಗದ ಬುರುಜಿನಲ್ಲಿದ್ದಾನೆ. ಅವಳು ಬಂದುಹೋಗುತ್ತಿರುತ್ತಾಳೆ. ಕೊನೆಗೆ ಆರ್ಥರ್‌ನ ವೀರ ಗವೇನ್‌ಗೆ ಹೊಗೆಯಂಥ ಮಬ್ಬಿನಿಂದ ಅವನ ದನಿಯಷ್ಟೇ ಕೇಳುತ್ತದೆ. ಇಲ್ಲಿ ಮಂತ್ರ ಹಾಕಿದ್ದು ಅವಳು, ಅವನಲ್ಲ. 1230ರ ನಂತರದ ಇನ್ನೊಂದು ಮುಂದುವರಿಕೆಯಲ್ಲಿ ಅವಳಿಗೆ ಅವನ ಮೇಲೆ ಬರೀ ಹೇಸಿಗೆ. ಹಳೆಯ ಪ್ರೇಮಿಗಳ ಗೋರಿಯಲ್ಲಿ ಜೀವಂತ ಹೂಳಿಸುತ್ತಾಳೆ.

ಇಷ್ಟು ತಿಳಿದವನಿಗೆ ಇದು ಮೊದಲೇ ಗೊತ್ತಿರಲಿಲ್ಲವೇ? ಅದೂ ಪುಸ್ತಕದ ಮೇಲಿದೆ. ಕೆಲವು ಪಾಠಗಳಲ್ಲಿ ಗೊತ್ತಿದ್ದೇ ಹೋಗುತ್ತಾನೆ, ಎಲ್ಲದರಲ್ಲೂ ಅಲ್ಲ. ಹಾಗಾಗಿ ಕಥೆಗಾರರು ಈ ಪ್ರಸಂಗವನ್ನು ಮತ್ತೆ ಮತ್ತೆ ತಿದ್ದಿದರು.

ಮ್ಯಾಲರಿಯ ಪುಸ್ತಕದಲ್ಲಿ ಮರ್ಲಿನ್ ಬೇಗ ಕಾಣೆಯಾಗುವುದೇಕೆ?

ಆರ್ಥರ್ ಕಥೆಗಳನ್ನು ಸೇರಿಸಿ ಥಾಮಸ್ ಮ್ಯಾಲರಿ ಇಂಗ್ಲಿಷಿನಲ್ಲಿ 1469-70ರಲ್ಲಿ ಬರೆದು ಮುಗಿಸಿದ, ಕ್ಯಾಕ್ಸ್‌ಟನ್ 1485ರಲ್ಲಿ ಅಚ್ಚು ಹಾಕಿದ ಪುಸ್ತಕ ಅದು. ಮರ್ಲಿನ್ ಆರಂಭದ ಭಾಗದಲ್ಲೇ ಬಂಡೆಯಡಿ ಸೇರುತ್ತಾನೆ. ಆ ಬಂಡೆಯನ್ನು ನೂರು ಜನರೂ ಎತ್ತಲಾರರು. ಮ್ಯಾಲರಿಗೆ ಬೇಕಿದ್ದದ್ದು ವೀರರ ತಪ್ಪುಗಳ ಕಥೆ, ಎಲ್ಲ ಬಲ್ಲವನು ಪಕ್ಕದಲ್ಲಿದ್ದರೆ ಅದು ನಡೆಯುವುದಿಲ್ಲ. ಇರುವಷ್ಟು ಹೊತ್ತಿನಲ್ಲೂ ಅವನು ಸಾಧುವಲ್ಲ: ಆರ್ಥರ್‌ನನ್ನು ನಾಶಮಾಡುವವನು ಮೇ 1ರಂದು ಹುಟ್ಟುತ್ತಾನೆ ಎಂದು ಅವನು ಹೇಳಿದ ಮೇಲೆ, ಆ ದಿನ ಹುಟ್ಟಿದ ಮಕ್ಕಳನ್ನೆಲ್ಲ ಹಡಗಿಗೆ ತುಂಬಿ ಕಡಲಿಗೆ ಬಿಡುತ್ತಾರೆ. ಕಂಸ ನೆನಪಾದರೆ ತಪ್ಪಿಲ್ಲ. ಆರ್ಥರ್‌ನನ್ನು ನಾಶಮಾಡಲಿರುವ ಮಾರ್ಡ್ರೆಡ್ ಮಾತ್ರ ಉಳಿಯುತ್ತಾನೆ.

ಚೂಪು ಟೋಪಿ, ಬಿಳಿಗಡ್ಡ, ಡ್ರುಯಿಡ್ ಪುರೋಹಿತ ಇವೆಲ್ಲ?

ಬಹಳ ಈಚಿನವು. ಜೆಫ್ರಿ, ರೋಬೇರ್, ಮ್ಯಾಲರಿ ಮೂವರೂ ಅವನನ್ನು ಡ್ರುಯಿಡ್ (ಪ್ರಾಚೀನ ಕೆಲ್ಟ್ ಜನರ ಪುರೋಹಿತ) ಎನ್ನುವುದಿಲ್ಲ. ಮಧ್ಯಯುಗದ ಮರ್ಲಿನ್‌ಗೆ ಗೊತ್ತಾದ ಒಂದು ರೂಪವೇ ಇಲ್ಲ. ಕೂಸು, ಸೌದೆ ಕಡಿಯುವವ, ಮುದುಕ, ಸಾರಂಗ ಹೀಗೆ ಬದಲಾಗುತ್ತಿರುತ್ತಾನೆ.

ಹೊಸದಾಗಿ ಏನಾದರೂ ಸಿಕ್ಕಿದೆಯೇ?

ಸಿಕ್ಕಿದೆ, ಅದೂ ರದ್ದಿಯಲ್ಲಿ. ಅಚ್ಚುಪುಸ್ತಕ ಬಂದ ಮೇಲೆ ಹಳೆಯ ಚರ್ಮದ ಹಾಳೆಗಳನ್ನು ಕತ್ತರಿಸಿ ರಟ್ಟು ಬಲಪಡಿಸಲು ಬಳಸುತ್ತಿದ್ದರು. 2019ರಲ್ಲಿ ಬ್ರಿಸ್ಟಲ್‌ನ ಕೇಂದ್ರ ಗ್ರಂಥಾಲಯದಲ್ಲಿ ಹೀಗೆ ಅಂಟಿದ್ದ, ಮರ್ಲಿನ್ ಕಥೆಯ ಏಳು ತುಣುಕುಗಳು ಬೆಳಕಿಗೆ ಬಂದವು. 2025ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯ ಇನ್ನೊಂದನ್ನು ಪ್ರಕಟಿಸಿತು. 16ನೇ ಶತಮಾನದಲ್ಲಿ ಜಮೀನು ದಾಖಲೆಯ ಕಡತಕ್ಕೆ ಹೊದಿಕೆಯಾಗಿ ಮಡಚಿ ಹೊಲಿದ ಹಾಳೆ ಅದು. ಬಿಚ್ಚಿದರೆ ಮುರಿಯುತ್ತದೆ. ಹಾಗಾಗಿ ಬೇರೆ ಬೇರೆ ತರಂಗಗಳ ಬೆಳಕಿನಲ್ಲಿ ಚಿತ್ರ ತೆಗೆದು, ಸಿ.ಟಿ. ಸ್ಕ್ಯಾನ್ ಮಾಡಿ, ಮಡಿಕೆಯೊಳಗಿನ ಅಕ್ಷರಗಳನ್ನು ಕಂಪ್ಯೂಟರಿನಲ್ಲೇ ಬಿಡಿಸಿ ಓದಿದರು. ಅದರಲ್ಲಿ ಮರ್ಲಿನ್ ವೀಣೆಯಂಥ ಹಾರ್ಪ್ ನುಡಿಸುವವನ ವೇಷದಲ್ಲಿ ಆರ್ಥರ್‌ನ ಆಸ್ಥಾನಕ್ಕೆ ಬರುತ್ತಾನೆ.

ಓದಲು ಎಲ್ಲಿಂದ ಶುರು ಮಾಡಲಿ?

ಮ್ಯಾಲರಿಯಿಂದ ಬೇಡ. ಅಲ್ಲಿಂದ ಶುರು ಮಾಡಿದವರು ಅವನ ಮರ್ಲಿನ್ನೇ ಮೂಲವೆಂದುಕೊಂಡು ಹಿಂದಿನದನ್ನೆಲ್ಲ 'ಬೇರೆ ಪಾಠ' ಎನ್ನತೊಡಗುತ್ತಾರೆ. ಮೊದಲು 'ಬ್ರಿಟನ್ನರ ಚರಿತ್ರೆ'ಯ ವೋರ್ಟಿಗರ್ನ್ ಪ್ರಸಂಗ ಓದಿ, ನಾಲ್ಕೈದು ಪುಟ. ಆಮೇಲೆ ಜೆಫ್ರಿಯಲ್ಲಿ ಅದೇ ಪ್ರಸಂಗ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅವನ ಹೊಲಿಗೆ ಕಣ್ಣಿಗೆ ಕಾಣುತ್ತದೆ. ಭವಿಷ್ಯವಾಣಿಯ ಭಾಗವನ್ನು ಮೊದಲ ಓದಿಗೆ ದಾಟಿಸಿ. ವಾಸ್ ಕೂಡ ಅನುವಾದಿಸುವಾಗ ಅದನ್ನು ಬಿಟ್ಟ. 'ಮರ್ಲಿನ್‌ನ ಜೀವನ' ಎರಡು ಸಂಜೆಗೆ ಮುಗಿಯುತ್ತದೆ. ನಂತರ ರೋಬೇರ್‌ನ ಗದ್ಯ, ಕೊನೆಗೆ ಮ್ಯಾಲರಿ. ಇಂಗ್ಲಿಷ್ ಅನುವಾದ ಕೊಳ್ಳುವಾಗ 'ಮರುಕಥನ' ಎಂದಿರುವುದನ್ನು ಬಿಟ್ಟು 'ಅನುವಾದ' ಎಂದಿರುವುದನ್ನೇ ಆರಿಸಿ. ಮರುಕಥನದಲ್ಲಿ ನಾಲ್ಕು ಶತಮಾನದ ಮರ್ಲಿನ್‌ಗಳು ಕಲಸುಮೇಲೋಗರವಾಗಿರುತ್ತವೆ.

ಅವನ ಸಮಾಧಿ ಎಲ್ಲಿದೆ?

ತೋರಿಸುವ ಜಾಗಗಳು ಹಲವು. ಫ್ರಾನ್ಸ್‌ನ ಬ್ರಿಟನಿ ಪ್ರಾಂತ್ಯದ ಪೆಂಪೋಂ ಕಾಡಿನಲ್ಲಿ ಒಂದಿದೆ. ಸ್ಕಾಟ್ಲೆಂಡ್‌ನ ಡ್ರಮೆಲ್ಜಿಯರ್ ಹಳ್ಳಿಯಲ್ಲಿ, ಟ್ವೀಡ್ ನದಿಗೆ ಪೌಸೇಲ್ ಹಳ್ಳ ಸೇರುವ ಕಡೆ ಇನ್ನೊಂದು. ಮರ್ಲಿನ್‌ನ ಗೋರಿಯ ಬಳಿ ಎರಡು ನೀರು ಕೂಡಿದಾಗ ಇಂಗ್ಲೆಂಡ್-ಸ್ಕಾಟ್ಲೆಂಡ್‌ಗೆ ಒಬ್ಬನೇ ದೊರೆ ಬರುತ್ತಾನೆ ಎಂಬ ನುಡಿ ಅಲ್ಲಿದೆ. 1603ರಲ್ಲಿ ಎರಡು ರಾಜ್ಯಕ್ಕೂ ಒಬ್ಬನೇ ದೊರೆಯಾದಾಗ ನದಿ ಉಕ್ಕಿತ್ತೆಂದು ಊರವರ ಐತಿಹ್ಯ. ಕಾರ್ಮಾರ್ಥೆನ್‌ನಲ್ಲಿ ಸಮಾಧಿಯ ಬದಲು ಓಕ್ ಮರವೊಂದಿತ್ತು: ಮರ್ಲಿನ್‌ನ ಮರ ಬಿದ್ದರೆ ಊರೂ ಬೀಳುತ್ತದೆ ಎಂಬ ಮಾತಿಗೆ ಅಂಜಿ, ಸತ್ತ ಬೊಡ್ಡೆಯನ್ನು ರಸ್ತೆಯ ನಡುವೆಯೇ ಕಾಂಕ್ರೀಟು, ಕಬ್ಬಿಣದ ಆಸರೆ ಕೊಟ್ಟು ನಿಲ್ಲಿಸಿದ್ದರು. 1978ರಲ್ಲಿ ಅದನ್ನು ತೆಗೆದರು. ಊರು ಇದೆ.